ಹೊರಗೆ ಕತ್ತಲೆ, ಮೀಟರ್ ಬೋರ್ಡಿನಲ್ಲಿ ಬೆಳಕು

ಮುಸ್ಸಂಜೆ ಕವಿಯುವ ಹೊತ್ತಿಗೆ ಹೊಳೆನರಸೀಪುರದಿಂದ ಹಳೇಕೋಟೆ ಕಡೆಗೆ ಹೊರಟ ಹೊಸ ಕಾರೊಂದನ್ನು ರಸ್ತೆ ಬದಿಯಲ್ಲಿ ನಿಂತು ನೋಡಿದರೆ, ಒಂದೇ ಗಾಡಿ ಎರಡು ರೂಪದಲ್ಲಿ ಕಾಣುತ್ತದೆ. ಎದುರಿನಿಂದ ಬರುವಾಗ ಮುಂದುಗಡೆ ಬೆಳ್ಳಗೆ ಹೊಳೆಯುವ ಹಗಲು ದೀಪದ ಪಟ್ಟಿ. ಹಾದುಹೋದ ಮೇಲೆ ಹಿಂದೆ ಏನೂ ಇಲ್ಲ, ಒಂದು ಕೆಂಪು ಚುಕ್ಕೆಯೂ ಇಲ್ಲ. ಒಳಗೆ ಕೂತು ಓಡಿಸುತ್ತಿರುವವರಿಗೆ ಇದರ ಸುಳಿವೇ ಸಿಗುವುದಿಲ್ಲ. ಅವರ ಕಣ್ಣ ಮುಂದಿನ ಮೀಟರ್ ಬೋರ್ಡ್ ಝಗಝಗ ಉರಿಯುತ್ತಿರುತ್ತದೆ, ಹಾಡಿನ ಪರದೆಯೂ ಬೆಳಗುತ್ತಿರುತ್ತದೆ. ಇಷ್ಟೆಲ್ಲ ಬೆಳಕಿರುವಾಗ ಲೈಟು ಹಾಕಿದ್ದೇನೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ತಪ್ಪಿನಲ್ಲಿ ಚಾಲಕರ ಅಜಾಗರೂಕತೆಗಿಂತ ಗಾಡಿಯ ವಿನ್ಯಾಸದ ಪಾಲೇ ದೊಡ್ಡದು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಅದಕ್ಕೂ ಮೊದಲಿನಿಂದ ಇದ್ದ ಅಂಬಾಸಿಡರ್, 1998ರಲ್ಲಿ ಬಂದ ಸ್ಯಾಂಟ್ರೋ, ಇಂಡಿಕಾ ಇವೆಲ್ಲದರ ಮೀಟರಿನೊಳಗಿದ್ದ ಪುಟ್ಟ ಬಲ್ಬುಗಳು ಹೊತ್ತಿಕೊಳ್ಳುತ್ತಿದ್ದುದು ಪಾರ್ಕಿಂಗ್ ಲೈಟಿನ ಜೊತೆಗೇ. ಸ್ವಿಚ್ ತಿರುಗಿಸದಿದ್ದರೆ ಮೀಟರ್ ಕತ್ತಲು. ಸ್ಪೀಡಿನ ಮುಳ್ಳು ಕಾಣದಾದಾಗ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಅದನ್ನು ಯಾವ ಎಂಜಿನಿಯರೂ ಎಚ್ಚರಿಕೆ ಎಂದು ರೂಪಿಸಿರಲಿಲ್ಲ. ಅಗ್ಗದ ವೈರಿಂಗಿನಿಂದ ತಾನಾಗಿ ಒದಗಿಬಂದ ಗುಣ ಅದು. ಆದರೆ ಅಷ್ಟು ನಂಬಿಕಸ್ಥ ಜ್ಞಾಪನೆ ಆಮೇಲೆ ಬಂದ ದುಬಾರಿ ಗಾಡಿಗಳಲ್ಲೂ ಸಿಗಲಿಲ್ಲ.

ಬದಲಾವಣೆ ಶುರುವಾದದ್ದು ಮೇಲ್ದರ್ಜೆಯ ಕಾರುಗಳಿಂದ. ಟೊಯೊಟಾ ಕಂಪನಿ 1989ರಲ್ಲಿ ಹೊರತಂದ ಲೆಕ್ಸಸ್ ಎಲ್‌ಎಸ್ 400 ಕಾರಿನ ಮೀಟರ್ ಹಗಲೂ ರಾತ್ರಿ ಸ್ವಂತ ಬೆಳಕಿನಲ್ಲಿ ಹೊಳೆಯುವಂಥದು. ನೋಡಲು ಬಲು ಚೆಂದ. ಆ ಚೆಂದ ನಿಧಾನವಾಗಿ ಕೆಳಗಿಳಿದು ಬಂತು. 2010ರ ಷೆವರ್ಲೆ ಬೀಟ್ ಕಾರು ಬೈಕಿನ ಮೀಟರಿನ ಆಕಾರದಲ್ಲಿ ತಿಳಿನೀಲಿ ಬೆಳಕು ತಂದಿತು. 2015ರ ರೆನೊ ಕ್ವಿಡ್ ಅತಿ ಕಡಿಮೆ ಬೆಲೆಯ ವರ್ಗಕ್ಕೂ ಡಿಜಿಟಲ್ ಅಂಕಿಗಳನ್ನು ಕೊಟ್ಟಿತು. ಈಗಂತೂ ಮೀಟರಿನ ಜಾಗದಲ್ಲಿ ಟಿವಿಯಂಥ ಪರದೆಯೇ ಬಂದಿದೆ. ಪರದೆಗೆ ಹಗಲಲ್ಲೂ ಬೆಳಕು ಬೇಕು, ಇಲ್ಲದಿದ್ದರೆ ಅಂಕಿ ಕಾಣುವುದಿಲ್ಲ. ಆದ್ದರಿಂದ ಚಾವಿ ತಿರುಗಿಸಿದ ಕೂಡಲೇ ಅದು ಹೊತ್ತಿಕೊಳ್ಳುವುದು ಸರಿಯೇ. ಆದರೆ ಹಳೆಯ ಕತ್ತಲ ಮೀಟರ್ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಕಂಪನಿಗಳು ಉತ್ತರ ಕೊಡಲಿಲ್ಲ.

ಉತ್ತರವೆಂದು ಅವು ತೋರಿಸುವುದು ಮೀಟರಿನ ಮೂಲೆಯಲ್ಲಿರುವ ಹಸಿರು ಚಿಹ್ನೆಯನ್ನು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಮಾನ್ಯ ಕುಟುಂಬದ ಹಲವು ಕಾರುಗಳಲ್ಲಿ ಪಾರ್ಕಿಂಗ್ ಲೈಟಿಗೂ ಹೆಡ್‌ಲೈಟಿಗೂ ಸೇರಿ ಇರುವುದು ಒಂದೇ ಹಸಿರು ಚಿಹ್ನೆ. ಸುಜುಕಿ ಕಾರುಗಳ ಕೈಪಿಡಿಯೇ ಈ ಮಾತನ್ನು ಹೇಳುತ್ತದೆ: ಪಾರ್ಕಿಂಗ್ ಲೈಟ್, ಹಿಂದಿನ ದೀಪ ಅಥವಾ ಹೆಡ್‌ಲೈಟ್, ಯಾವುದು ಉರಿದರೂ ಬರುವುದು ಅದೇ ಚಿಹ್ನೆ. ಸ್ವಿಚ್ಚಿನ ಮೊದಲ ಹಲ್ಲಿಗೆ ನಿಲ್ಲಿಸಿದರೂ, ಎರಡನೆಯ ಹಲ್ಲಿಗೆ ತಿರುಗಿಸಿದರೂ ಮೀಟರಿನ ಮಟ್ಟಿಗೆ ವ್ಯತ್ಯಾಸವಿಲ್ಲ. ಹಾಸನದ ಎನ್.ಆರ್. ಸರ್ಕಲ್ಲಿನಂಥ ಕಡೆ ಬೀದಿದೀಪ, ಅಂಗಡಿಗಳ ಬೆಳಕು ಧಾರಾಳವಾಗಿರುತ್ತದೆ. ಅಲ್ಲಿ ಪಾರ್ಕಿಂಗ್ ಲೈಟಿನಲ್ಲೇ ಹೊರಟವರಿಗೆ ಊರು ದಾಟುವವರೆಗೂ ಅನುಮಾನವೇ ಬರುವುದಿಲ್ಲ. ಊರಾಚೆ ಸಿಗುವುದು ಕಬ್ಬು ಹೇರಿಕೊಂಡು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಗಳು, ಹೊಲದಿಂದ ಮನೆಗೆ ಮರಳುವ ದನಗಳು, ಸುಗ್ಗಿಯಲ್ಲಿ ರಸ್ತೆಗೇ ಹರವಿದ ರಾಗಿ ತೆನೆ. ಇಂಥ ರಸ್ತೆಯಲ್ಲಿ ಅರೆಬೆಳಕಿನ ಕಾರು ತಾನೂ ಕಾಣಿಸದು, ಎದುರಿನದನ್ನೂ ಕಾಣದು.

ನೀಲಿ ಚಿಹ್ನೆಯ ಕತೆ ಬೇರೆ. ಹೈ ಬೀಮ್ ಉರಿಯುವಾಗ ನೀಲಿ ಬರಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿತವಾದ ನಿಯಮ. ಕೆಂಪು ಅಪಾಯಕ್ಕೆ, ಹಳದಿ ಎಚ್ಚರಿಕೆಗೆ, ಹಸಿರು ಮಾಮೂಲಿ ದೀಪಗಳಿಗೆ, ನೀಲಿ ಹೈ ಬೀಮಿಗೆ. ಅಚ್ಚುಕಟ್ಟಾದ ಭಾಷೆ ಇದು, ಓದು ಬಾರದವರಿಗೂ ಅರ್ಥವಾಗುವಂಥದು. ಆದರೆ ಮೀಟರ್ ಇಡೀ ನೀಲಿಯಾಗಿರುವ ಕಾರಿನಲ್ಲಿ ಆ ನೀಲಿ ಚುಕ್ಕೆ ಎಲ್ಲಿ ಎದ್ದು ಕಾಣುತ್ತದೆ? ಅಂದಕ್ಕೆಂದು ಬಣ್ಣ ಆರಿಸಿದ ಕಂಪನಿಗಳು ಆ ಭಾಷೆಯನ್ನೇ ಕೆಡಿಸಿದವು. ಕತ್ತಲೆಗೆ ಹೊಂದಿಕೊಂಡ ಕಣ್ಣು ನೀಲಿ ಬೆಳಕಿಗೆ ಹೆಚ್ಚು ಬೆದರುತ್ತದೆ, ಕೆಂಪು ಛಾಯೆಗೆ ಕಡಿಮೆ. ಬಿಎಂಡಬ್ಲ್ಯು ಕಂಪನಿ ದಶಕಗಳ ಕಾಲ ತನ್ನ ಮೀಟರುಗಳನ್ನು ಕಿತ್ತಳೆಗೆಂಪಿನಲ್ಲಿ ಇಟ್ಟದ್ದು ಈ ಕಾರಣಕ್ಕೇ. ವಯಸ್ಸಿನ ಲೆಕ್ಕವೂ ಇದೆ. ಅರವತ್ತು ದಾಟಿದವರ ಕಣ್ಣಿನ ಅಕ್ಷಿಪಟಲಕ್ಕೆ ಇಪ್ಪತ್ತರ ಯುವಕರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗದಷ್ಟೇ ಬೆಳಕು ತಲುಪುತ್ತದೆ. ಮನೆಯ ಕಾರನ್ನು ಹಿರಿಯರೇ ಓಡಿಸುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಪ್ರಕರಣ ಹಾಕಲು ಮುಂದಾದರು. ಒಳ್ಳೆಯ ಕೆಲಸ. ಆದರೆ ಹೈ ಬೀಮ್ ಉರಿಯುತ್ತಿದೆಯೆಂದು ಸರಿಯಾಗಿ ತೋರಿಸದ ಮೀಟರಿಗೆ ದಂಡ ಹಾಕುವವರು ಯಾರೂ ಇಲ್ಲ.

ಇನ್ನು ಜ್ಞಾಪಿಸುವ ಸದ್ದು. ನಮ್ಮ ಕಾರುಗಳಲ್ಲಿ ಹೆಡ್‌ಲೈಟ್ ಬಗ್ಗೆ ಇರುವ ಬಜರ್ ಒಂದೇ. ಎಂಜಿನ್ ಆಫ್ ಮಾಡಿ, ಲೈಟ್ ಆರಿಸದೆ ಬಾಗಿಲು ತೆಗೆದರೆ ಅದು ಕಿರುಗುಟ್ಟುತ್ತದೆ. ಅಗ್ಗದ ಮಾರುತಿಗಳಲ್ಲೂ ಇರುವ ಈ ಸೌಲಭ್ಯ ಮೆಚ್ಚುವಂಥದೇ. ಲೆಕ್ಕ ಹಾಕಿ ನೋಡಿ: ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ, 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು, ಜೊತೆಗೆ ತಲಾ 5 ವ್ಯಾಟಿನ ಪಾರ್ಕಿಂಗ್ ಬಲ್ಬುಗಳು. ಸುಮಾರು 11 ಆಂಪಿಯರ್ ಎಳೆಯುವ ಈ ದೀಪಗಳು ಮೂರು ಗಂಟೆಯಲ್ಲಿ ಬ್ಯಾಟರಿಯನ್ನು ಬರಿದು ಮಾಡುತ್ತವೆ. ಸೆಲ್ಫ್ ತಗೊಳ್ಳದ ಸ್ಥಿತಿ ಅದಕ್ಕೂ ಮೊದಲೇ ಬರುತ್ತದೆ. ಮದುವೆ ಮನೆಯ ಮುಂದೆ ನಿಲ್ಲಿಸಿ ಊಟ ಮುಗಿಸಿ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಬರೀ ಪಾರ್ಕಿಂಗ್ ಲೈಟಾದರೂ ಇಡೀ ರಾತ್ರಿ ಉರಿದರೆ ಹಳೆಯ ಬ್ಯಾಟರಿ ಬೆಳಗ್ಗೆ ಮಲಗಿರುತ್ತದೆ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವ ಕಾಲವೂ ಮುಗಿಯುತ್ತಿದೆ. ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಗಾಡಿಗಳಲ್ಲಿ ಆ ಉಪಾಯ ನಡೆಯುವುದಿಲ್ಲ.

ಹೀಗಾಗಿ ಆ ಬಜರ್ ಬೇಕು. ಆದರೆ ಅದು ಕಾಯುವುದು ಬ್ಯಾಟರಿಯನ್ನು. ದೀಪ ಆರಿಸಲು ಮರೆತವರಿಗೆ ಜ್ಞಾಪನೆ ಇದೆ, ಹಚ್ಚಲು ಮರೆತವರಿಗೆ ಇಲ್ಲ. ಮೊದಲ ಮರೆವಿಗೆ ಬೆಲೆ ಒಂದು ಬ್ಯಾಟರಿ ಚಾರ್ಜು, ಎರಡನೆಯದಕ್ಕೆ ಒಂದು ಜೀವ. ಕಂಪನಿಗಳು ಮೊದಲನೆಯದನ್ನು ಆರಿಸಿಕೊಂಡದ್ದು ಈ ಇಡೀ ವ್ಯವಸ್ಥೆಯ ಅತಿ ದೊಡ್ಡ ಲೋಪ.

ಎಚ್ಚರಿಕೆಗಳು ಸಾಲದೆಂದು ಇದನ್ನು ಹೇಳುತ್ತಿಲ್ಲ. ಸದ್ದುಗಳಂತೂ ಅತಿಯಾಗಿವೆ. 2019ರ ಜುಲೈ 1ರಿಂದ ಭಾರತದಲ್ಲಿ ತಯಾರಾಗುವ ಕಾರುಗಳಿಗೆ ಎಐಎಸ್-145 ಮಾನದಂಡ ಜಾರಿಗೆ ಬಂತು. ಚಾಲಕರ ಏರ್‌ಬ್ಯಾಗ್, ಮುಂದಿನ ಎರಡೂ ಸೀಟಿಗೆ ಬೆಲ್ಟಿನ ಜ್ಞಾಪನೆ, ವೇಗದ ಎಚ್ಚರಿಕೆ, ರಿವರ್ಸ್ ಸೆನ್ಸರ್ ಎಲ್ಲವೂ ಕಡ್ಡಾಯವಾದವು. ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಸದ್ದು. ಚನ್ನರಾಯಪಟ್ಟಣದಿಂದ ಹಾಸನಕ್ಕೆ 75ನೇ ರಾಷ್ಟ್ರೀಯ ಹೆದ್ದಾರಿಯ ಚತುಷ್ಪಥದಲ್ಲಿ ಹೋಗುವವರ ಕಿವಿ ಆ ಸದ್ದಿಗೆ ಒಗ್ಗಿಹೋಗುತ್ತದೆ. ಬೆಲ್ಟಿನ ಸದ್ದು ಅಡಗಿಸಲು ಬಕಲ್ಲಿಗೆ ಸಿಕ್ಕಿಸುವ ಖಾಲಿ ಕ್ಲಿಪ್ಪುಗಳು ಎಷ್ಟು ಮಾರಾಟವಾದವೆಂದರೆ, 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶ ಹೊರಡಿಸಬೇಕಾಯಿತು. ಆಗ ತೆಗೆದುಹಾಕಿದ ಸರಕಿನ ನಮೂದುಗಳು 13,118. ಒಂದೇ ಬಗೆಯ ಕಿರುಗುಟ್ಟುವಿಕೆಯಲ್ಲಿ ಹತ್ತು ವಿಷಯ ಹೇಳಿದರೆ ಜನ ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೆಡ್‌ಲೈಟಿಗೆ ಇನ್ನೊಂದು ಸದ್ದು ಸೇರಿಸುವುದು ಪರಿಹಾರವಲ್ಲ.

ತಾನಾಗಿ ಹೊತ್ತಿಕೊಳ್ಳುವ ಆಟೋ ಹೆಡ್‌ಲೈಟ್ ಪರಿಹಾರವೇ? ಬಹಳ ಮಟ್ಟಿಗೆ ಹೌದು. ಗಾಜಿನ ಹಿಂದಿನ ಸೆನ್ಸರ್ ಹೊರಗಿನ ಬೆಳಕನ್ನು ಅಳೆದು ದೀಪ ಹಚ್ಚುತ್ತದೆ, ಮುಸ್ಸಂಜೆಯ ಮರೆವಿಗೆ ಇದು ಒಳ್ಳೆಯ ಮದ್ದು. ಆದರೆ ಈ ಸೀಮೆಯಲ್ಲಿ ಅದಕ್ಕೊಂದು ಕಠಿಣ ಪರೀಕ್ಷೆ ಕಾದಿದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಹೇಮಾವತಿ ದಂಡೆಯ ಊರುಗಳಲ್ಲಿ, ಸಕಲೇಶಪುರದ ದಾರಿಯಲ್ಲಿ, ಶಿರಾಡಿ ಘಾಟಿಯಲ್ಲಿ ಇಬ್ಬನಿ ಮುಸುಕಿರುತ್ತದೆ. ಮಾರು ದೂರದ ಗಾಡಿ ಕಾಣದು. ಆದರೆ ಇಬ್ಬನಿ ಬಿಳಿ, ಬಿಸಿಲು ಬಿದ್ದರೆ ಇನ್ನೂ ಬಿಳಿ. ಸೆನ್ಸರಿನ ಲೆಕ್ಕದಲ್ಲಿ ಅದು ಹಗಲು. ಹೆಡ್‌ಲೈಟ್ ಹೊತ್ತುವುದಿಲ್ಲ, ಹಿಂದಿನ ಕೆಂಪು ದೀಪವೂ ಹೊತ್ತುವುದಿಲ್ಲ, ಮುಂದಿನ ಹಗಲು ದೀಪ ಮಾತ್ರ ಉರಿಯುತ್ತಿರುತ್ತದೆ. ಆಟೋ ಎಂದು ಬರೆದಿರುವುದನ್ನು ನಂಬಿದ ಚಾಲಕರ ಬೆನ್ನ ಹಿಂದೆ ಲಾರಿ ಬರುತ್ತಿರುತ್ತದೆ. ಅಲ್ಲಿ ಕೈಯಿಂದಲೇ ಸ್ವಿಚ್ ತಿರುಗಿಸಬೇಕು. ತಿರುಗಿಸಿದರೆ ಕೆಲವು ಕಾರುಗಳಲ್ಲಿ ಇನ್ನೊಂದು ತೊಡಕು: ಲೈಟ್ ಹಾಕಿದೊಡನೆ ರಾತ್ರಿಯೆಂದು ಭಾವಿಸಿ ಮೀಟರ್ ಮಂಕಾಗುತ್ತದೆ, ಬೆಳಗಿನ ಬೆಳಕಿನಲ್ಲಿ ಅಂಕಿಗಳೇ ಮಸುಕು. ಆಗ ಚಾಲಕರು ಅಂಕಿ ಕಾಣಲೆಂದು ಲೈಟನ್ನೇ ಆರಿಸಿಬಿಡುತ್ತಾರೆ.

ಈ ಸಮಸ್ಯೆಯನ್ನು ನೇರವಾಗಿ ಎದುರಿಸಿದ ದೇಶ ಕೆನಡಾ. ಅಲ್ಲಿ 1989ರ ಡಿಸೆಂಬರಿನಿಂದಲೇ ಹೊಸ ಕಾರುಗಳಿಗೆ ಹಗಲು ದೀಪ ಕಡ್ಡಾಯ. ಮುಂದೆ ಬೆಳಕು, ಹಿಂದೆ ಕತ್ತಲೆ ಇಟ್ಟುಕೊಂಡು ರಾತ್ರಿ ಓಡುವ ಕಾರುಗಳನ್ನು ಅಲ್ಲಿನವರು ಭೂತದ ಗಾಡಿಗಳೆಂದೇ ಕರೆದರು. 2021ರ ಸೆಪ್ಟೆಂಬರಿನಿಂದ ತಯಾರಕರು ಮೂರರಲ್ಲಿ ಒಂದು ದಾರಿ ಹಿಡಿಯಲೇಬೇಕೆಂದು ನಿಯಮವಾಯಿತು. ಹಗಲು ದೀಪ ಉರಿಯುವಾಗೆಲ್ಲ ಹಿಂದಿನ ದೀಪವೂ ಉರಿಯಬೇಕು. ಇಲ್ಲವೇ ಕತ್ತಲಾದಾಗ ಎಲ್ಲ ದೀಪಗಳೂ ತಾವಾಗಿ ಹೊತ್ತಬೇಕು. ಅದೂ ಇಲ್ಲವಾದರೆ, ಚಾಲಕರು ಲೈಟ್ ಹಾಕುವವರೆಗೆ ಮೀಟರ್ ಬೋರ್ಡ್ ಕತ್ತಲಾಗಿಯೇ ಇರಬೇಕು. ಮೂರನೆಯ ದಾರಿಯನ್ನು ಗಮನಿಸಿ. ಮಾರುತಿ 800ರಲ್ಲಿದ್ದ ಗುಣವನ್ನೇ ಒಂದು ದೇಶದ ಕಾನೂನು ಮರಳಿ ತಂದಿದೆ.

ನಮ್ಮಲ್ಲಿ ಇದಕ್ಕೆ ಆಧಾರವಿಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದ ಪ್ರಕಾರ ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ, ಹಾಗೂ ಸಾಕಷ್ಟು ಬೆಳಕಿಲ್ಲದ ಯಾವ ಹೊತ್ತಿನಲ್ಲಾದರೂ, ಗಾಡಿಯ ದೀಪ ಉರಿಯಬೇಕು. ಹೊಣೆಯೆಲ್ಲ ಚಾಲಕರ ಮೇಲೆ. ಬೈಕುಗಳ ವಿಷಯದಲ್ಲಿ ಮಾತ್ರ ಸರ್ಕಾರ ಹೊಣೆಯನ್ನು ಯಂತ್ರಕ್ಕೆ ದಾಟಿಸಿತು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹೊತ್ತುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಮೊದಮೊದಲು ಎದುರಿನಿಂದ ಬರುವವರೆಲ್ಲ ಬೆರಳು ಬಿಚ್ಚಿ ಮುಚ್ಚಿ ಲೈಟ್ ಉರೀತಿದೆ ಎಂದು ಸನ್ನೆ ಮಾಡುತ್ತಿದ್ದರು. ಅಪರಿಚಿತರ ಕಾಳಜಿಯ ಆ ಸನ್ನೆ ಹಳ್ಳಿ ರಸ್ತೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಬೈಕಿಗೆ ಆದದ್ದು ಕಾರಿಗೆ ಆಗಬಾರದೇಕೆ? ಸೆನ್ಸರ್ ಕೂಡ ಬೇಡ. ಚಾವಿ ತಿರುಗಿಸಿದಾಗ ಹಗಲು ದೀಪದ ಜೊತೆ ಹಿಂದಿನ ಕೆಂಪು ದೀಪವೂ ಹೊತ್ತುವಂತೆ ಮಾಡಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.

ಆದರೆ ಕಂಪನಿಗಳ ಬೆಲೆಪಟ್ಟಿ ನೋಡಿದರೆ ಅನೇಕ ಮಾದರಿಗಳಲ್ಲಿ ಆಟೋ ಹೆಡ್‌ಲೈಟ್ ಇರುವುದು ಮೇಲಿನ ದರ್ಜೆಗಳಲ್ಲಿ, ಸನ್‌ರೂಫ್, ಅಲಾಯ್ ಚಕ್ರಗಳ ಸಾಲಿನಲ್ಲಿ. ಕಡಿಮೆ ಬೆಲೆಯದಕ್ಕೆ ಹೊಳೆಯುವ ಮೀಟರ್ ಸಿಗುತ್ತದೆ, ಅದರ ದೋಷ ತಿದ್ದುವ ಭಾಗ ಸಿಗುವುದಿಲ್ಲ. ಸುರಕ್ಷತೆಯನ್ನು ಅಲಂಕಾರದ ಪಟ್ಟಿಗೆ ಸೇರಿಸಿದ ಈ ಕ್ರಮ ಖಂಡನೀಯ.

ಕುಟುಂಬದ ಕಾರಿಗೆ ಇದು ಹೆಚ್ಚು ಕಾಡುವುದಕ್ಕೆ ಕಾರಣವಿದೆ. ಒಬ್ಬರೇ ಓಡಿಸುವ ಗಾಡಿಯ ಗುಣ ಅವರಿಗೆ ಅಭ್ಯಾಸವಾಗುತ್ತದೆ. ಮನೆಯ ಕಾರು ಹಾಗಲ್ಲ. ವಾರವಿಡೀ ಅಪ್ಪ ತೋಟಕ್ಕೆ, ಅರಕಲಗೂಡು ಸಂತೆಗೆ ಒಯ್ಯುತ್ತಾರೆ, ಶನಿವಾರ ಬೆಂಗಳೂರಿನಿಂದ ಬಂದ ಮಗಳು ಹಿಡಿಯುತ್ತಾಳೆ, ಧರ್ಮಸ್ಥಳಕ್ಕೆ ಹೋಗುವಾಗ ಊರಿನ ಡ್ರೈವರ್ ಒಬ್ಬರು ಕೂರುತ್ತಾರೆ. ಒಬ್ಬರು ಆಟೋದಲ್ಲಿ ಬಿಟ್ಟ ಸ್ವಿಚ್ಚನ್ನು ಇನ್ನೊಬ್ಬರು ಆಫ್ ಮಾಡಿರುತ್ತಾರೆ. ಮೀಟರಿನ ಬೆಳಕು ತಗ್ಗಿಸುವ ಗುಂಡಿಯನ್ನು ಮಕ್ಕಳು ತಿರುವಿರುತ್ತಾರೆ. ಕೈಪಿಡಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಅದೂ ಕೈಗೆ ಸಿಕ್ಕಿರುವುದಿಲ್ಲ. ಕೈ ಬದಲಾದಾಗಲೆಲ್ಲ ಗಾಡಿ ತಾನೇ ತನ್ನ ಸ್ಥಿತಿಯನ್ನು ಸ್ಪಷ್ಟವಾಗಿ ಹೇಳಬೇಕು, ಇಂದಿನ ಮೀಟರ್ ಬೋರ್ಡ್ ಅಲ್ಲಿಯೇ ಸೋಲುತ್ತದೆ.

ಕಾನೂನು ಬದಲಾದರೂ ಅದು ಅನ್ವಯವಾಗುವುದು ಮುಂದೆ ತಯಾರಾಗುವ ಕಾರುಗಳಿಗೆ. ಈಗ ರಸ್ತೆಯಲ್ಲಿರುವವು ಇನ್ನೂ ಎಷ್ಟೋ ವರ್ಷ ಓಡುತ್ತವೆ. ಅಲ್ಲಿಯವರೆಗೆ ಉಳಿದಿರುವುದು ಮನೆಯ ಗೋಡೆ. ಸಂಜೆ ಹೊರಡುವಾಗ ಎದುರಿನ ಗೋಡೆಯ ಮೇಲೋ ಅಂಗಡಿಯ ಷಟರಿನ ಮೇಲೋ ಬೆಳಕು ಬಿದ್ದಿದೆಯೇ ನೋಡುವುದು, ಮನೆಯವರಲ್ಲಿ ಒಬ್ಬರು ಹಿಂದೆ ಹೋಗಿ ನಿಂತು ಎರಡೂ ಕೆಂಪು ದೀಪಗಳು ಉರಿಯುತ್ತಿವೆ ಎಂದು ಹೇಳುವುದು. ಬಸ್ಸು, ಲಾರಿಗಳ ಕ್ಲೀನರುಗಳು ಇದನ್ನು ಯಾರ ಒತ್ತಾಯವೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡ ಕಾರಿಗೂ ಈಗ ಅದು ಬೇಕಾಗಿದೆ.