ಕೋವಿ ಹಿಡಿದವರ ಗಾದೆಮಾತುಗಳು

ಬೇಸಾಯಗಾರನಿಗೆ ಮಳೆನಕ್ಷತ್ರಗಳ ಗಾದೆಗಳಿವೆ, ವೈದ್ಯನಿಗೆ ಪಥ್ಯದ ಗಾದೆಗಳಿವೆ, ವ್ಯಾಪಾರಿಗೆ ಸಾಲದ ಗಾದೆಗಳಿವೆ. ಒಂದು ಕಸುಬು ಬಹುಕಾಲ ಬಾಳಿದಲ್ಲಿ ಅದರ ಅನುಭವವು ನಾಲ್ಕಾರು ಶಬ್ದಗಳ ಮಾತಾಗಿ ಹೆಪ್ಪುಗಟ್ಟುತ್ತದೆ. ಕೋವಿ ಹಿಡಿದವರೂ ಇದಕ್ಕೆ ಹೊರತಲ್ಲ. ಒಕ್ಕಲಿಗನ ಗಾದೆಯನ್ನು ಜಾನಪದವೆಂದು ಮನ್ನಿಸಿದ ನಾವು ಬೇಟೆಗಾರನ ಗಾದೆಯನ್ನು ಅಷ್ಟಾಗಿ ಮಾತನಾಡಿಸಿಲ್ಲ. ಪದ್ಯವೊಂದನ್ನು ಪರೀಕ್ಷಿಸುವಂತೆ ಆ ಮಾತುಗಳನ್ನು ಅವುಗಳ ವಾಕ್ಯರಚನೆಯಿಂದಲೇ ಪರೀಕ್ಷಿಸುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ. ಕೋವಿ ಇರಬೇಕೇ ಬೇಡವೇ ಎಂಬ ವಾದ ನನ್ನದಲ್ಲ. ನಮ್ಮ ಕಾಸರಗೋಡು ಸೀಮೆಯ ಗದ್ದೆತೋಟಗಳನ್ನು ಒಂದೇ ರಾತ್ರಿಯಲ್ಲಿ ಉತ್ತು ಹಾಕುವ ಹಂದಿಯ ಕಾಟವನ್ನು ಬಲ್ಲವನು ಆ ವಾದವನ್ನು ಪೇಟೆಯ ಸಭಾಂಗಣದಲ್ಲಿ ಕುಳಿತು ತೀರ್ಮಾನಿಸಲಾರ.

ಮೊದಲು ಮನೆಯ ಮಾತು. ನನ್ನ ಬಾಲ್ಯದಲ್ಲಿ ಊರಿನ ನಾಲ್ಕೈದು ಮನೆಗಳಲ್ಲಿ ಕೇಪಿನ ಕೋವಿಗಳಿದ್ದವು. ನಳಿಗೆಯ ಬಾಯಿಂದ ಮದ್ದು, ಅದರ ಮೇಲೆ ತೆಂಗಿನ ನಾರು, ಆಮೇಲೆ ಚರೆ, ಮತ್ತೆ ನಾರು. ಗಜವನ್ನು ಒಳಗಿಳಿಸಿ ಕುಟ್ಟಿದ ಬಳಿಕ ಅದು ಬಾಯಿಂದ ಮೇಲೆ ಎಷ್ಟು ಬೆರಳು ಉಳಿಯಿತು ಎಂಬುದೇ ಈಡಿನ ಅಳತೆ. ಅಳತೆಗೋಲು ಬೇರೆ ಇರಲಿಲ್ಲ. ಹೊಡೆಯುವವನ ಬೆರಳೇ ಅಳತೆಗೋಲು. ಮದ್ದು ಮಿತಿಮೀರಿದರೆ ನಳಿಗೆ ಸಿಡಿದು ಹೋಗುವುದೂ ಅದೇ ಬೆರಳು. ಇಂತಹ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುತ್ತಿದ್ದ ಮಾತುಗಳು ಹೆಚ್ಚಿರಲಿಲ್ಲ. ಜಗಲಿ ಹತ್ತುವ ಮೊದಲು ಕೇಪು ತೆಗೆ. ಸದ್ದಿಗೆ ಹೊಡೆಯಬೇಡ, ಕಂಡದ್ದಕ್ಕೆ ಹೊಡೆ. ಕೋವಿಯ ಬಾಯಿ ಮನುಷ್ಯನ ಕಡೆಗೆ ಬೇಡ. ಇವುಗಳಲ್ಲಿ ಅಲಂಕಾರವಿಲ್ಲ, ಪ್ರಾಸವೂ ಇಲ್ಲ. ಆದರೆ ಒಂದು ವ್ಯಾಕರಣವಿದೆ. ಎಲ್ಲವೂ ಮಧ್ಯಮ ಪುರುಷದಲ್ಲಿವೆ, ಎಲ್ಲವೂ ವಿಧಿ ಇಲ್ಲವೇ ನಿಷೇಧ. ಕೋವಿಯ ಹೊಗಳಿಕೆ ಇಲ್ಲ. ಶತ್ರುವೆಂಬ ಮೂರನೆಯವನ ಸುಳಿವೇ ಇಲ್ಲ. ಮಾತು ನೆಟ್ಟಗೆ ಕೋವಿ ಹಿಡಿದ ಕೈಗೆ ಹೇಳಿದ್ದು.

ಕೊಡಗಿನಲ್ಲಿ ಕೋವಿಗೆ ಇನ್ನೊಂದು ಬಗೆಯ ಗೌರವವಿದೆ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇರುವುದನ್ನು ಎಲ್ಲರೂ ಬಲ್ಲರು. ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜೆಗಿಟ್ಟು ಕೋವಿಯ ನಳಿಗೆಗೆ ತೋಕ್‌ಪೂವನ್ನು ಸಿಕ್ಕಿಸುತ್ತಾರೆ. ಬಾಯಿಗೆ ಹೂವಿಟ್ಟ ಕೋವಿ ಹಾರುವುದಿಲ್ಲ. ನೂರು ಮಾತು ಹೇಳಬೇಕಾದ್ದನ್ನು ಒಂದು ಹೂವು ಹೇಳಿಬಿಡುತ್ತದೆ.

ನಮ್ಮ ಬೇಟೆಯ ಸಾಹಿತ್ಯದಲ್ಲಿಯೂ ಈ ಗುಣವಿದೆ ಎಂದು ನನಗೆ ಅನಿಸಿದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ಕೆನೆತ್ ಆಂಡರ್‌ಸನ್ನನನ್ನು ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಇವನ್ನು ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಕೋವಿಯ ಪ್ರತಾಪವಲ್ಲ. ಕಾಡು, ಕಾಯುವಿಕೆ, ತಪ್ಪಿದ ಈಡು, ಬೇಟೆಗಾರ ತನ್ನನ್ನೇ ನೋಡಿ ನಕ್ಕ ನಗೆ.

ಇನ್ನು ಅಮೆರಿಕದ ಮಾತಿಗೆ ಬರುತ್ತೇನೆ. ಕೋವಿಯ ಗಾದೆಗಳು ಒಂದು ಸ್ವತಂತ್ರ ಸಾಹಿತ್ಯ ಪ್ರಕಾರವೆಂಬಷ್ಟು ಬೆಳೆದಿರುವುದು ಆ ದೇಶದಲ್ಲಿ. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಆಯುಧ ಹೊಂದುವುದನ್ನು ಹಕ್ಕೆಂದು ಹೇಳಿದೆ. ನಾಗರಿಕರ ಕೈಯಲ್ಲಿರುವ ಕೋವಿಗಳ ಸಂಖ್ಯೆ ಜನಸಂಖ್ಯೆಗಿಂತಲೂ ಹೆಚ್ಚೆಂಬುದು ಜಿನೀವಾದ ‘ಸ್ಮಾಲ್ ಆರ್ಮ್ಸ್ ಸರ್ವೆ’ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಅಂದಾಜು. ಕಾರಿನ ಹಿಂಬದಿಯಲ್ಲಿ, ಅಂಗಿಯ ಮೇಲೆ, ಅಂಗಡಿಯ ಗೋಡೆಯಲ್ಲಿ ಅಲ್ಲಿ ಈ ಮಾತುಗಳನ್ನು ಅಂಟಿಸಿಕೊಳ್ಳುತ್ತಾರೆ.

ಇವುಗಳಲ್ಲಿ ಅತ್ಯುತ್ತಮವಾದವು ಜೆಫ್ ಕೂಪರ್ ಎಂಬವನ ನಾಲ್ಕು ನಿಯಮಗಳೆಂದು ನನ್ನ ಎಣಿಕೆ. ನೌಕಾಪಡೆಯ ಮೆರೀನ್ ದಳದಲ್ಲಿದ್ದ ಈತ 1976ರಲ್ಲಿ ಅರಿಜೋನಾದಲ್ಲಿ ಕೋವಿಯ ಶಿಕ್ಷಣಕ್ಕೆಂದೇ ಒಂದು ಶಾಲೆಯನ್ನು ತೆರೆದ. ಎಲ್ಲ ಕೋವಿಗಳೂ ಸದಾ ತುಂಬಿರುತ್ತವೆ. ನಾಶವಾದರೂ ಸರಿಯೆಂದು ನೀನು ಒಪ್ಪದ ಯಾವುದರ ಕಡೆಗೂ ನಳಿಗೆಯ ಬಾಯಿ ಹಾಯಬಾರದು. ಗುರಿ ಕಣ್ಣಿಗೆ ಕೂಡುವ ತನಕ ಬೆರಳು ಕುದುರೆಯ ಮೇಲೆ ಬೇಡ. ಗುರಿ ಯಾವುದು, ಅದರ ಹಿಂದೇನಿದೆ ಎಂಬುದು ನಿನಗೆ ಖಚಿತವಿರಲಿ. ಸಾರಾಂಶ ಇಷ್ಟು. ನಮ್ಮ ಹಿರಿಯರ ಮಾತಿಗೂ ಇದಕ್ಕೂ ಇರುವ ಸಾಮ್ಯವನ್ನು ನೋಡಿ. ಸಾಗರದ ಆಚೆಯವರೂ ಈಚೆಯವರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಮಾತಿಗೆ ಬಂದಿದ್ದಾರೆ, ಏಕೆಂದರೆ ಇಬ್ಬರಿಗೂ ಕಲಿಸಿದ ಗುರು ಒಬ್ಬನೇ, ಅಪಘಾತ.

ಇವುಗಳಲ್ಲಿ ಮೊದಲನೆಯದನ್ನು ಸ್ವಲ್ಪ ನಿಂತು ನೋಡಬೇಕು. ತರ್ಕದಿಂದ ನೋಡಿದರೆ ಅದು ಸುಳ್ಳು. ಎಲ್ಲ ಕೋವಿಗಳೂ ತುಂಬಿರುವುದಿಲ್ಲ. ಅಂಗಡಿಯ ಕೋವಿ ಖಾಲಿ, ಬಿಚ್ಚಿಟ್ಟ ಕೋವಿ ಖಾಲಿ. ಇರುವಂತೆ ನೋಡಿಕೋ ಎಂದು ಹೇಳದೆ, ಇದೆ ಎಂದೇ ಹೇಳಿದ್ದು ಆ ಮಾತಿನ ಜಾಣ್ಮೆ. ನಮ್ಮ ಲಾಕ್ಷಣಿಕರು ಕವಿಸಮಯವೆಂದು ಒಂದನ್ನು ಹೇಳುತ್ತಾರಲ್ಲವೇ? ಚಕೋರವು ಬೆಳದಿಂಗಳನ್ನು ಕುಡಿಯುತ್ತದೆ ಎಂಬುದು ನಿಜವಲ್ಲವೆಂದು ಕವಿಯೂ ಬಲ್ಲ, ಓದುಗನೂ ಬಲ್ಲ. ಆದರೂ ಇಬ್ಬರೂ ಒಪ್ಪಿ ನಡೆಯುತ್ತಾರೆ. ಕೂಪರನ ನಿಯಮವೂ ಅಂತಹ ಒಪ್ಪಂದದ ಸುಳ್ಳು. ವ್ಯತ್ಯಾಸವಿಷ್ಟೆ, ಕವಿಸಮಯವನ್ನು ಮೀರಿದರೆ ರಸ ಕೆಡುತ್ತದೆ.

ಇದನ್ನು ಮೀರಿದರೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ಕಂಡಿದ್ದೇನೆ. ಅಧ್ಯಾಪಕನಾಗಿ ಕೆಲವೇ ವರ್ಷಗಳಾಗಿದ್ದವು. ರಜೆ ಕಳೆದು ಶಾಲೆ ತೆರೆದ ದಿನ ಎಂಟನೆಯ ತರಗತಿಯ ಒಬ್ಬ ಹುಡುಗ ಬರಲಿಲ್ಲ. ಹಿಂದಿನ ರಾತ್ರಿ ಹಂದಿ ಕಾಯಲು ಹೋಗಿ ಬಂದವರು ಕೋವಿಯನ್ನು ಹಾಗೆಯೇ ಗೋಡೆಗೆ ತೂಗಹಾಕಿದ್ದರು. ಅಣ್ಣ ಅದನ್ನು ಇಳಿಸಿ ತಮ್ಮನನ್ನು ಹೆದರಿಸಿದ. ಹೆದರಬೇಡ, ಇದು ಖಾಲಿ ಎಂದೂ ಹೇಳಿದನಂತೆ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಗೆರೆ ಎಳೆದವನು ನಾನು. ಅಣ್ಣ ಆಮೇಲೆ ಊರಿನಲ್ಲಿ ಹೆಚ್ಚು ಕಾಲ ಇರಲಿಲ್ಲ. ‘ಖಾಲಿ’ ಎಂಬ ಎರಡಕ್ಷರದ ವರದಿಯನ್ನು ನಂಬುವುದಕ್ಕಿಂತ ‘ತುಂಬಿದೆ’ ಎಂಬ ಸುಳ್ಳನ್ನು ನಂಬಿ ಬಾಳುವುದು ಮೇಲೆಂದು ನಾನು ಹೇಳಿದರೆ ಅದು ಕೇವಲ ಕಾವ್ಯಮೀಮಾಂಸೆಯಲ್ಲ.

ಆದರೆ ಅಮೆರಿಕದಲ್ಲಿ ಹೆಚ್ಚು ಪ್ರೀತಿಪಾತ್ರವಾದವು ಈ ಜಾತಿಯ ಮಾತುಗಳಲ್ಲ. ಇನ್ನೊಂದು ಜಾತಿಯಿದೆ. ದೇವರು ಮನುಷ್ಯರನ್ನು ಸೃಷ್ಟಿಸಿದ, ಕೋಲ್ಟ್ ಅವರನ್ನು ಸಮಾನರನ್ನಾಗಿ ಮಾಡಿದ ಎಂಬುದು ಅವುಗಳಲ್ಲಿ ಹಳೆಯದು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟ್ ಪಡೆದವನು. ಮಾತು ಚೆನ್ನಾಗಿದೆ, ಗಟ್ಟಿಗನ ಎದುರು ಬಡಕಲಿನವನೂ ನಿಲ್ಲಬಲ್ಲ ಎಂಬ ಸಮಾಧಾನ ಅದರಲ್ಲಿದೆ. ಆದರೆ ಸಮಾನರಾದದ್ದು ಯಾವುದರಲ್ಲಿ? ಸಾಯಿಸುವುದರಲ್ಲಿ ಮತ್ತು ಸಾಯುವುದರಲ್ಲಿ. ಮೊದಲು ಹೊರತೆಗೆದವನಿಗೂ ತಡಮಾಡಿದವನಿಗೂ ಆ ಸಮಾನತೆಯೂ ಇಲ್ಲ.

ಎಲ್ಲರೂ ಆಯುಧ ಧರಿಸಿದ ಸಮಾಜದಲ್ಲಿ ಎಲ್ಲರೂ ಸಭ್ಯರಾಗಿರುತ್ತಾರೆ ಎಂಬ ಅರ್ಥದ ಇನ್ನೊಂದು ಮಾತಿದೆ. ಇದನ್ನು ಜ್ಞಾನಿಯೊಬ್ಬನ ಸೂಕ್ತಿಯಂತೆ ಉದ್ಧರಿಸುವವರು ಬಹಳ. ಅದರ ಮೂಲ ರಾಬರ್ಟ್ ಹೈನ್‌ಲೈನನ 1942ರ ಒಂದು ವೈಜ್ಞಾನಿಕ ಕಾದಂಬರಿ. ಅಲ್ಲಿ ಕಲ್ಪಿತ ಭವಿಷ್ಯದಲ್ಲಿ ಗಂಡಸರು ಮರ್ಯಾದೆಯ ಸಣ್ಣ ಪ್ರಶ್ನೆಗಳಿಗೂ ದ್ವಂದ್ವಯುದ್ಧಕ್ಕಿಳಿಯುತ್ತಾರೆ. ಪಾತ್ರವೊಂದು ಆ ಲೋಕದ ಒಳಗಿನಿಂದ ಆಡಿದ ಮಾತು ಅದು. ಪಾತ್ರದ ಮಾತನ್ನು ಕವಿಯ ಮಾತೆಂದು ತಿಳಿಯಬಾರದೆಂದು ನಾವು ಹತ್ತನೆಯ ತರಗತಿಯ ಮಕ್ಕಳಿಗೆ ಕಲಿಸುತ್ತೇವೆ. ಶಕುನಿಯ ಮಾತನ್ನು ಚೌಕಟ್ಟು ಹಾಕಿ ಗೋಡೆಗೆ ತೂಗಹಾಕಿದರೆ ವ್ಯಾಸರು ಹೊಣೆಯಲ್ಲ.

ಕೋವಿ ಕೊಲ್ಲುವುದಿಲ್ಲ, ಮನುಷ್ಯರು ಕೊಲ್ಲುತ್ತಾರೆ ಎಂಬುದು ಎಲ್ಲಕ್ಕಿಂತ ಪ್ರಸಿದ್ಧವಾದದ್ದು. ಇದು ವ್ಯಾಕರಣದ ಆಸರೆ ಪಡೆದ ವಾದವಾದ್ದರಿಂದ ವ್ಯಾಕರಣದಿಂದಲೇ ಉತ್ತರಿಸಬಹುದು. ಕರ್ತೃ ಬೇರೆ, ಕರಣ ಬೇರೆ, ಒಪ್ಪಿದೆ. ಕೊಡಲಿಯಿಂದ ಮರವನ್ನು ಕಡಿದನು ಎಂಬಲ್ಲಿ ಕಡಿದವನು ಮನುಷ್ಯ. ಆದರೆ ಕ್ರಿಯೆ ನೆರವೇರಲು ಉಳಿದೆಲ್ಲಕ್ಕಿಂತ ಹೆಚ್ಚು ನೆರವಾಗುವುದು ಯಾವುದೋ ಅದೇ ಕರಣವೆಂದು ಪಾಣಿನಿ ಲಕ್ಷಣ ಹೇಳಿದ್ದಾನೆ. ಕರಣವನ್ನು ಆತ ಕಾರಕಗಳ ಪಂಕ್ತಿಯಿಂದ ಎಬ್ಬಿಸಿ ಕಳಿಸಲಿಲ್ಲ. ಬರಿಗೈಯವನ ಕೋಪ ತಣಿಯಲು ಸಮಯವಿದೆ, ಕೋವಿಯವನ ಕೋಪಕ್ಕೆ ಅದಿಲ್ಲ. ಕನ್ನಡದ ಜನಪದರಂತೂ ಕರಣವನ್ನು ಇನ್ನಷ್ಟು ಬಿಗಿಯಾಗಿ ಹಿಡಿದವರು. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂದಿದ್ದಾರೆ.

ಆರು ಜನ ಹೊತ್ತೊಯ್ಯುವುದಕ್ಕಿಂತ ಹನ್ನೆರಡು ಜನ ವಿಚಾರಿಸುವುದು ಮೇಲು ಎಂಬುದೊಂದು. ಹನ್ನೆರಡು ಜನ ಜ್ಯೂರಿಗಳು, ಆರು ಜನ ಶವಪೆಟ್ಟಿಗೆ ಹೊರುವವರು. ನಮ್ಮಲ್ಲಿ ಜ್ಯೂರಿಯಿಲ್ಲ, ಹೊರುವವರು ನಾಲ್ವರೇ. ಭಾಷಾಂತರದಲ್ಲಿ ಲೆಕ್ಕವೇ ತಪ್ಪುತ್ತದೆ. ಹೊಡೆದ ಈಡು ತಗಲಿದವನನ್ನು ಯಾರು ಹೊತ್ತರು ಎಂಬುದು ಮೂಲದಲ್ಲಿಯೂ ಇಲ್ಲ.

ತನ್ನ ಶವದ ತಣ್ಣನೆಯ ಕೈಯಿಂದಲೇ ಕೋವಿಯನ್ನು ಕಸಿದುಕೊಳ್ಳಬೇಕು ಎಂಬ ಅರ್ಥದ ಘೋಷಣೆಯನ್ನು ಚಲನಚಿತ್ರ ನಟ ಚಾರ್ಲ್‌ಟನ್ ಹೆಸ್ಟನ್ 2000ನೆಯ ಇಸವಿಯಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಸಭೆಯಲ್ಲಿ ಹಳೆಯ ಮಾದರಿಯ ಕೋವಿಯೊಂದನ್ನೆತ್ತಿ ಮೊಳಗಿಸಿದ. ನಮ್ಮ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಹೊಸತಲ್ಲ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವನ ತಲೆ ತೆಗೆಯುವೆನೆಂದು ಅರ್ಜುನನ ಪ್ರತಿಜ್ಞೆಯಿತ್ತು. ಕರ್ಣಪರ್ವದಲ್ಲಿ ಹಾಗೆಂದವನು ಶತ್ರುವಲ್ಲ, ಗಾಯಗೊಂಡು ಬಿಡಾರದಲ್ಲಿ ಬಿದ್ದಿದ್ದ ಅಣ್ಣ ಧರ್ಮರಾಯ. ಅರ್ಜುನ ಕತ್ತಿ ಹಿರಿದೇಬಿಟ್ಟ. ಘೋಷಣೆಗೆ ಕಣ್ಣಿಲ್ಲ, ಎದುರಿಗಿರುವವನು ಅಣ್ಣನೋ ಕರ್ಣನೋ ಎಂದು ಅದು ನೋಡುವುದಿಲ್ಲ. ಅಲ್ಲಿ ಕೃಷ್ಣನಿದ್ದ. ಹಿರಿಯನನ್ನು ಹಳಿಯುವುದೇ ಕೊಲೆಗೆ ಸಮ, ಹಳಿದುಬಿಡು ಎಂದ. ಹಳಿದ ಪಾಪಕ್ಕೆ ತನ್ನನ್ನೇ ಕೊಂದುಕೊಳ್ಳಹೊರಟವನಿಗೆ ಆತ್ಮಸ್ತುತಿಯೇ ಆತ್ಮಹತ್ಯೆಗೆ ಸಮ, ಹೊಗಳಿಕೋ ಎಂದ. ಆಯುಧದ ಘೋಷಣೆಗಳ ಮೇಲೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಕೊನೆಯದನ್ನು ಹಾಸ್ಯದಿಂದ ಮುಟ್ಟಲಾರೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನಿನ ಒಂದು ಪ್ರಾಥಮಿಕ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಗುಂಡಿಗೆ ಬಲಿಯಾದರು. ಒಂದು ವಾರದಲ್ಲಿ ಅದೇ ಅಸೋಸಿಯೇಷನ್ನಿನ ಮುಖಂಡ ವೇಯ್ನ್ ಲಾಪಿಯರ್, ಕೋವಿ ಹಿಡಿದ ಕೆಟ್ಟವನನ್ನು ತಡೆಯಬಲ್ಲವನು ಕೋವಿ ಹಿಡಿದ ಒಳ್ಳೆಯವನೊಬ್ಬನೇ ಎಂಬ ಮಾತನ್ನು ಹೇಳಿದ. ಅದು ಅಂದಿನಿಂದ ಗಾದೆಯೇ ಆಗಿಹೋಯಿತು. ರಚನೆ ನೋಡಿ: ಒಳ್ಳೆಯವನು, ಕೆಟ್ಟವನು, ನಡುವೆ ಕೋವಿ, ಮಕ್ಕಳು ವಾಕ್ಯದಲ್ಲಿ ಎಲ್ಲಿಯೂ ಇಲ್ಲ. 2022ರ ಮೇ ತಿಂಗಳಲ್ಲಿ ಟೆಕ್ಸಾಸಿನ ಯುವಾಲ್ಡಿಯ ಶಾಲೆಗೆ ಕೋವಿ ಹಿಡಿದ ಒಳ್ಳೆಯವರು 376 ಮಂದಿ ಬಂದಿದ್ದರು. ಆದರೂ ಹಂತಕನನ್ನು ಎದುರಿಸಲು 77 ನಿಮಿಷಗಳು ಹಿಡಿದವು. 19 ಮಕ್ಕಳು, ಇಬ್ಬರು ಅಧ್ಯಾಪಕಿಯರು ಸತ್ತರು. ಹಾಜರಿ ಪುಸ್ತಕ ಬರೆದ ಕೈಗೆ ಈ ಅಂಕೆಗಳು ಅಂಕೆಗಳಾಗಿ ಕಾಣುವುದಿಲ್ಲ.

ಈ ಎರಡನೆಯ ಜಾತಿಯ ಮಾತುಗಳೆಲ್ಲವೂ ಪ್ರಥಮ ಪುರುಷದ ಒಬ್ಬನನ್ನು, ‘ಅವನನ್ನು’, ಕುರಿತವು. ಹೇಳಿದವನ ಕೈಗೆ ಇವು ಏನನ್ನೂ ಆಜ್ಞಾಪಿಸುವುದಿಲ್ಲ. ಆತ ಮೊದಲೇ ಒಳ್ಳೆಯವನೆಂದು ತೀರ್ಪು ಕೊಟ್ಟಿರುತ್ತವೆ. ಇಂತಹ ಮಾತುಗಳು ಈಗ ಸಾಗರ ದಾಟಿ ನಮ್ಮ ಹುಡುಗರ ಮೊಬೈಲಿಗೂ ಬಂದಿವೆ. ಅದೇ ಹೊತ್ತಿನಲ್ಲಿ, ಕೃಷಿನಾಶ ಮಾಡುವ ಕಾಡುಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರವು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿದೆ. ವಿಷ, ಸಿಡಿಮದ್ದು, ವಿದ್ಯುತ್ತು ಕೂಡದು. ಪರವಾನಗಿಯಿರುವ ಕೋವಿಯವರೇ ಬೇಕು. ಹೀಗಾಗಿ ಅಟ್ಟ ಸೇರಿದ್ದ ಮಾತುಗಳಿಗೆ ಮತ್ತೆ ಕೆಲಸ ಬಿದ್ದಿದೆ.

ಅಂತಹ ಪಟ್ಟಿಯಲ್ಲಿ ಹೆಸರಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕೂಪರನ ಮೊದಲ ನಿಯಮವನ್ನು ಕನ್ನಡದಲ್ಲಿ ‘ಮುಟ್ಟಿದ ಕೋವಿ ತುಂಬಿದ ಕೋವಿ’ ಎಂದು ಮಾಡಿ ಹೇಳಿದೆ. “ಇದು ಪ್ರಾಸಕ್ಕೆ ಮಾಡಿದ್ದೋ ಮಾಷ್ಟ್ರೇ?” ಎಂದು ನಕ್ಕ. ಆ ಸಂಜೆ ಅವನ ಮನೆಗೆ ಹೋಗಿದ್ದೆ. ತೋಟೆ ಕೋವಿಯನ್ನು ಮಡಚಿ ಎರಡೂ ನಳಿಗೆ ಬರಿದಾಗಿರುವುದನ್ನು ನನಗೆ ತೋರಿಸಿದ. ಆಮೇಲೆ ಮುಚ್ಚಿ, ಜಗಲಿಯಲ್ಲಿ ಆಡುತ್ತಿದ್ದ ಮಗಳನ್ನು ಒಳಗೆ ಕಳಿಸಿ, ಅದರ ಬಾಯಿಯನ್ನು ಮಾಡಿನ ಕಡೆಗೆ ಹಿಡಿದುಕೊಂಡೇ ಕಪಾಟಿನವರೆಗೆ ನಡೆದ.