ವಿಧ್ಯರ್ಥದಲ್ಲಿ ಕರ್ಮಣಿ ಪ್ರಯೋಗ: ಆಡಳಿತ ಕನ್ನಡದ ಒಂದು ವಿಮರ್ಶೆ

ಇಂಗ್ಲಿಷು ಕರ್ತವ್ಯವನ್ನು ವಿಧಿಸುವಾಗ ಕರ್ಮಣಿ ಪ್ರಯೋಗವನ್ನು ಎರಡು ಬಗೆಯಾಗಿ ಬಳಸುತ್ತದೆ. ‘ದಿ ಫೀ ಮಸ್ಟ್ ಬಿ ಪೇಯ್ಡ್’ ಎಂಬಲ್ಲಿ ಮಾಡಬೇಕಾದ ಕ್ರಿಯೆಯೇ ಕರ್ಮಣಿಯಲ್ಲಿದೆ. ಹಣ ಕೊಡಬೇಕಾದವನು ಯಾರೆಂಬುದು ವಾಕ್ಯದಲ್ಲಿಲ್ಲ. ‘ಯೂ ಆರ್ ರಿಕ್ವೈರ್ಡ್ ಟು ಅಟೆಂಡ್’ ಎಂಬಲ್ಲಿ ವಿಧಿಸುವ ಕ್ರಿಯೆಯೇ ಕರ್ಮಣಿಯಾಗಿದೆ. ಬರಬೇಕಾದವನು ಗೊತ್ತಾದರೂ ವಿಧಿಸಿದವನು ಮರೆಯಾಗುತ್ತಾನೆ. ‘ಅಬ್ಲೈಜ್ಡ್’, ‘ಬೌಂಡ್’, ‘ಸಪೋಸ್ಡ್’ ಎಂಬ ರೂಪಗಳೂ ಈ ಎರಡನೆಯ ವರ್ಗದವೇ. ಇವುಗಳಲ್ಲಿ ‘ಬೌಂಡ್’ ಎಂದರೆ ಕಟ್ಟಲ್ಪಟ್ಟವನು. ಕಟ್ಟಿದವನು ಯಾರೆಂದು ಭಾಷೆ ಹೇಳುವುದಿಲ್ಲ.

ಕರ್ಮಣಿಗೂ ವಿಧಿಗೂ ಇರುವ ಈ ನಂಟು ಇಂಗ್ಲಿಷಿಗೆ ಮಾತ್ರ ಸೇರಿದ್ದಲ್ಲ. ಸಂಸ್ಕೃತದ ತವ್ಯ, ಅನೀಯ ಮೊದಲಾದ ಕೃತ್ಯಪ್ರತ್ಯಯಗಳು ಕರ್ಮದಲ್ಲಿಯೂ ಭಾವದಲ್ಲಿಯೂ ಬರುತ್ತವೆ. ನಾವು ನಿತ್ಯ ಬಳಸುವ ‘ಕರ್ತವ್ಯ’ ಶಬ್ದವೇ ‘ಮಾಡಲ್ಪಡಬೇಕಾದದ್ದು’ ಎಂಬ ಅರ್ಥದ್ದು. ಆದರೆ ಅಲ್ಲಿ ಕರ್ತೃವನ್ನು ತೃತೀಯೆಯಲ್ಲಿ ಹೇಳಲು ‘ಮಯಾ ಕರ್ತವ್ಯಂ’ ಎಂಬ ಸಹಜವಾದ ಮಾರ್ಗವುಂಟು.

ಕನ್ನಡದ ನಡೆ ಬೇರೆ. ‘ಬೇಕು’ ಎಂಬುದು ಹಳಗನ್ನಡದ ‘ಬೇೞ್ಕುಂ’ ಎಂಬುದರಿಂದ ಬಂದದ್ದು; ಅದರ ಮೂಲಾರ್ಥ ಅಪೇಕ್ಷೆ. ‘ತಕ್ಕದ್ದು’ ಎಂಬುದರ ಮೂಲ ‘ತಗು’ ಧಾತು. ಅದರ ಅರ್ಥ ಯೋಗ್ಯತೆ. ಇವೆರಡಕ್ಕೂ ಕರ್ಮಣಿಯ ಹಂಗಿಲ್ಲ. ‘ಕೊಡಬೇಕಾದ ಹಣ’, ‘ಕೊಡಬೇಕಾದವನು’ ಎಂಬ ಎರಡು ಮಾತುಗಳನ್ನು ನೋಡಿ: ಮೊದಲನೆಯದು ಕರ್ಮವನ್ನೂ ಎರಡನೆಯದು ಕರ್ತೃವನ್ನೂ ಹೇಳುತ್ತದೆ, ಕ್ರಿಯಾರೂಪ ಮಾತ್ರ ಒಂದೇ. ಕರ್ತೃಪದವನ್ನು ಬಿಡಬೇಕಾದರೂ ನಮಗೆ ‘ಅಲ್ಪಡು’ ಬೇಕಿಲ್ಲ. ‘ಶುಲ್ಕವನ್ನು ಕೊಡತಕ್ಕದ್ದು’ ಎಂದರೆ ಸಾಕು.

‘ಪಡು’ ಸೇರಿದ ಕರ್ಮಣಿಯು ಪರಕೀಯವೆಂದು ಇದರರ್ಥವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅದನ್ನು ಹೇಳಿಯೇ ಇದ್ದಾನೆ. ಆಕ್ಷೇಪವಿರುವುದು ಅದರ ಅನಗತ್ಯ ಬಳಕೆಯ ಬಗೆಗೆ. ಇಟ್ಟಿಗಿ ಗ್ರಾಮವಿರುವ ಹೂವಿನಹಡಗಲಿ ತಾಲ್ಲೂಕನ್ನು ತೆಗೆದುಕೊಳ್ಳೋಣ. ಮದರಾಸಿನ ಆಡಳಿತದಲ್ಲಿದ್ದ ಈ ತಾಲ್ಲೂಕು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ರಾಜ್ಯದ ಅಧಿಕೃತ ಭಾಷಾ ಅಧಿನಿಯಮವು 1963ರಲ್ಲಿ ಬಂದಿತು. ಕಾಗದಗಳು ಕನ್ನಡಕ್ಕೆ ಬಂದವು. ಅವುಗಳೊಡನೆ ಇಂಗ್ಲಿಷಿನ ವಾಕ್ಯಬಂಧವೂ ಬಂದಿತು. ‘ರೊಕ್ಕ ಕಟ್ಟಬೇಕು’ ಎಂದು ಆಡುವ ಇಟ್ಟಿಗಿಯ ರೈತನ ಮುಂದೆ ‘ಶುಲ್ಕವು ಪಾವತಿಸಲ್ಪಡತಕ್ಕದ್ದು’ ಎಂಬ ವಾಕ್ಯವನ್ನಿಟ್ಟರೆ, ಅವನ ಭಾಷೆಯನ್ನು ಅವನಿಗೇ ಅರ್ಥಮಾಡಿಸಲು ಮತ್ತೊಬ್ಬನು ಬೇಕಾಗುತ್ತಾನೆ.

ಇದು ಶೈಲಿಯ ಮಾತು ಮಾತ್ರವಲ್ಲ, ಹಕ್ಕಿನ ಮಾತೂ ಹೌದು. ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನನ್ನು, ಪ್ರಯಾಣದ ಕಾಲವನ್ನು ಬಿಟ್ಟು, 24 ಗಂಟೆಗಳೊಳಗೆ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ವಿಧಿಸುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಬಂಧಿತನೇ ಪ್ರಥಮಾಸ್ಥಾನದಲ್ಲಿದ್ದಾನೆ; ಕರ್ತವ್ಯವಾದರೋ ಬಂಧಿಸಿದವರದು. ಇದನ್ನು ‘ಬಂಧಿತನು ಹಾಜರುಪಡಿಸಲ್ಪಡತಕ್ಕದ್ದು’ ಎಂದರೆ ಅವಸರದ ಓದುಗನು ಹೊಣೆಯನ್ನು ಬಂಧಿತನ ಮೇಲೆಯೇ ಹೊರಿಸಿಯಾನು. ‘ಬಂಧಿತನನ್ನು ಹಾಜರುಪಡಿಸತಕ್ಕದ್ದು’ ಎಂದರೆ ದ್ವಿತೀಯಾ ವಿಭಕ್ತಿಯೊಂದೇ ಆ ಸಂಶಯವನ್ನು ಕಳೆಯುತ್ತದೆ: ಹೊಣೆ ಬೇರೆಯವರದು.

ಆದರೂ ಒಂದು ತೊಡಕು ಉಳಿಯುತ್ತದೆ. ಕರ್ತೃಪದವಿಲ್ಲದ ‘ಬೇಕು’ ವಾಕ್ಯವನ್ನು ಕನ್ನಡಿಗನು ಸಾಮಾನ್ಯವಾಗಿ ತನಗೇ ಹೇಳಿದ್ದೆಂದು ತಿಳಿಯುತ್ತಾನೆ. ‘ಅರ್ಜಿಯೊಡನೆ ಶುಲ್ಕ ಕಟ್ಟಬೇಕು’ ಎಂಬಲ್ಲಿ ಅದು ಸರಿ. ‘ಏಳು ದಿನಗಳಲ್ಲಿ ರಸೀದಿ ಕೊಡಬೇಕು’ ಎಂಬಲ್ಲಿ ಕೊಡಬೇಕಾದದ್ದು ಕಚೇರಿ. ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಹೊಣೆ ಯಾರದೂ ಆಗದೆ ಉಳಿಯುತ್ತದೆ. ಕರ್ತೃವನ್ನು ಬೇಕೆಂದೇ ಅನಿರ್ದಿಷ್ಟವಾಗಿ ಬಿಡುವ ಸಂದರ್ಭಗಳು ಕಾನೂನಿನಲ್ಲಿ ಇವೆ, ನಿಜ. ಅಲ್ಲಿಯೂ ಕರ್ಮವನ್ನು ದ್ವಿತೀಯೆಯಲ್ಲಿಟ್ಟು ‘ತಕ್ಕದ್ದು’ ಎಂದರೆ ಕೆಲಸ ನಡೆಯುತ್ತದೆ.

ಆದುದರಿಂದ ಅನುವಾದಕನು ಇಂಗ್ಲಿಷಿನ ಕ್ರಿಯಾರೂಪಕ್ಕೆ ಸಮನಾದ ಕನ್ನಡ ರೂಪವನ್ನು ಅರಸುವ ಮೊದಲು ಈ ವಿಧಿ ಯಾರ ಮೇಲೆ ಬಿದ್ದಿದೆ, ಯಾರಿಂದ ಬಂದಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕಾಲೇಜುಗಳಲ್ಲಿ ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಂದ ಬೇಕಾದಷ್ಟು ಮಾಡಿಸುತ್ತೇವೆ. ಕರ್ಮಣಿಯಲ್ಲಿ ಅಡಗಿರುವ ಕರ್ತೃವನ್ನು ಹುಡುಕಿ ಹೊರಗೆ ತರುವ ಅಭ್ಯಾಸವನ್ನೂ ಮಾಡಿಸಿದರೆ ವ್ಯಾಕರಣದ ಪಾಠವು ನಾಗರಿಕನಿಗೂ ಉಪಯೋಗಕ್ಕೆ ಬಂದೀತು.