ಆರ್ಚ್‌ಟಾಪ್ ಗಿಟಾರಿನ ಆದರ್ಶ ನಾದ: ಧ್ವನಿಮುದ್ರಣದ ಸಾಕ್ಷ್ಯ ಮತ್ತು ವಿಮರ್ಶೆಯ ಸಮಸ್ಯೆ

1

ಜಾಝ್ ಸಂಗೀತದ ಚರ್ಚೆಯಲ್ಲಿ ಗಿಟಾರಿನ ‘ಟೋನ್’ ಎಂಬ ಪದ ಸ್ವರ ಮತ್ತು ಲಯಗಳಷ್ಟೇ ಮತ್ತೆ ಮತ್ತೆ ಬಳಕೆಯಾಗುತ್ತದೆ. ಸ್ವರದ ಸ್ಥಾನವನ್ನೂ ಅವಧಿಯನ್ನೂ ಸ್ವರಲಿಪಿಯಲ್ಲಿ ಬರೆದಿಡಬಹುದು. ಆದರೆ ಒಂದೇ ಸ್ವರವನ್ನು ಇಬ್ಬರು ನುಡಿಸಿದಾಗ ಅವರವರು ಯಾರೆಂದು ಗುರುತಿಸಲು ನೆರವಾಗುವ ಗುಣವನ್ನು ಲಿಪಿ ಹಿಡಿದಿಡಲಾರದು. ಇದನ್ನು ಕನ್ನಡದಲ್ಲಿ ‘ನಾದಗುಣ’ ಎನ್ನಬಹುದು. ತೀರಿಕೊಂಡ ವಾದಕರ ಮಟ್ಟಿಗೆ ನಾದಗುಣಕ್ಕೆ ಉಳಿದಿರುವ ನೇರ ದಾಖಲೆ ಧ್ವನಿಮುದ್ರಿಕೆಯೊಂದೇ.

ಸಮಸ್ಯೆ ಹುಟ್ಟುವುದು ಇಲ್ಲಿಯೇ. ಆರ್ಚ್‌ಟಾಪ್ ಗಿಟಾರಿಗೆ ಒಂದು ಆದರ್ಶ ನಾದವಿದೆ ಎಂಬ ನಂಬಿಕೆ ವಾದ್ಯ ಸಂಗ್ರಾಹಕರಲ್ಲಿಯೂ ವಿಮರ್ಶಕರಲ್ಲಿಯೂ ಬಲವಾಗಿದೆ. ಅದು ಮರದಲ್ಲಿದೆ ಎಂದು ಒಂದು ಪಕ್ಷ, ವಾದಕನ ಬೆರಳಿನಲ್ಲಿದೆ ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ತಮ್ಮ ಮಾತಿಗೆ ಆಧಾರವಾಗಿ ಮುಂದಿಡುವುದು ಧ್ವನಿಮುದ್ರಿಕೆಗಳನ್ನೇ. ಮುದ್ರಿಕೆಯು ನಾದವನ್ನು ಇದ್ದಂತೆ ತೋರಿಸುವ ಕನ್ನಡಿ ಎಂಬ ಗ್ರಹಿಕೆ ಎರಡೂ ವಾದಗಳ ತಳದಲ್ಲಿದೆ. ಆದರೆ ಈ ವಾದ್ಯದ ಇತಿಹಾಸವನ್ನು ಪರಿಶೀಲಿಸಿದರೆ ಮುದ್ರಣವು ನಾದವನ್ನು ದಾಖಲಿಸಿದಷ್ಟೇ ನಿರ್ಮಿಸಿದೆ ಎಂಬುದು ಸ್ಪಷ್ಟವಾಗುತ್ತದೆ. ಇದನ್ನು ಮರೆತ ವಿಮರ್ಶೆ ಕೆಲವು ಕಲಾವಿದರಿಗೆ ಅನ್ಯಾಯವನ್ನೂ ಮಾಡುತ್ತದೆ.

2

ಆರ್ಚ್‌ಟಾಪ್ ಎಂದರೆ ಕಮಾನಿನಂತೆ ಉಬ್ಬಿದ ಮೇಲ್ಹಲಗೆಯುಳ್ಳ ಗಿಟಾರ್. ಪಿಟೀಲಿನ ರಚನಾಕ್ರಮವನ್ನು ಗಿಟಾರ್ ಮತ್ತು ಮ್ಯಾಂಡೊಲಿನ್‌ಗಳಿಗೆ ಅಳವಡಿಸುವ ಯತ್ನವನ್ನು ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿ ಆರ್ವಿಲ್ ಗಿಬ್ಸನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಡಿದ. ಅವನ ಹೆಸರಿನ ಸಂಸ್ಥೆ 1902ರಲ್ಲಿ ಸ್ಥಾಪನೆಯಾಯಿತು. ಅಲ್ಲಿ 1919ರಿಂದ 1924ರವರೆಗೆ ದುಡಿದ ಲಾಯ್ಡ್ ಲೋರ್‌ನ ಕಾಲದಲ್ಲಿ, ಸುಮಾರು 1922ರಲ್ಲಿ, ‘ಎಲ್-5’ ಎಂಬ ಮಾದರಿ ಹೊರಬಂದಿತು. ಗಿಟಾರಿನಲ್ಲಿ ರೂಢಿಯಲ್ಲಿದ್ದ ದುಂಡು ರಂಧ್ರದ ಬದಲು ಪಿಟೀಲಿನಲ್ಲಿರುವಂತಹ ಎರಡು ‘ಎಫ್’ ಆಕಾರದ ರಂಧ್ರಗಳು ಅದರಲ್ಲಿದ್ದವು.

ಈ ರಚನೆಯ ಪರಿಣಾಮವನ್ನು ಗಮನಿಸಬೇಕು. ಚಪ್ಪಟೆ ಮೇಲ್ಹಲಗೆಯ ಗಿಟಾರಿನಲ್ಲಿ ಕುದುರೆಯನ್ನು ಹಲಗೆಗೆ ಅಂಟಿಸಿ, ತಂತಿಗಳನ್ನು ಅದಕ್ಕೇ ಬಿಗಿದಿರುತ್ತಾರೆ. ಆರ್ಚ್‌ಟಾಪಿನಲ್ಲಿ ಕುದುರೆ ಸಡಿಲವಾಗಿ ನಿಂತಿರುತ್ತದೆ. ತಂತಿಗಳು ಅದರ ಮೇಲೆ ಬಾಗಿ ಹಾದು ಹಿಂದಿನ ಟೇಲ್‌ಪೀಸಿನಲ್ಲಿ ಕೊನೆಗೊಳ್ಳುತ್ತವೆ. ಕುದುರೆ ಹಲಗೆಯನ್ನು ಕೆಳಮುಖವಾಗಿ ಒತ್ತುತ್ತದೆ. ಈ ಒತ್ತಡವನ್ನು ಕೆತ್ತಿದ ಸ್ಪ್ರೂಸ್ ಮರದ ಕಮಾನು ತಾಳಿಕೊಳ್ಳುತ್ತದೆ. ಹಿಂಬದಿ ಮತ್ತು ಪಕ್ಕಗಳಿಗೆ ಸಾಮಾನ್ಯವಾಗಿ ಮೇಪಲ್ ಮರವನ್ನು ಬಳಸುತ್ತಾರೆ. ಹೀಗೆ ಹುಟ್ಟುವ ನಾದ ಮೀಟಿದ ಕ್ಷಣದಲ್ಲಿ ಚುರುಕಾಗಿ ಚಿಮ್ಮಿ ಬೇಗನೆ ಅಡಗುತ್ತದೆ. ಏಕಾಂತದಲ್ಲಿ ನುಡಿಸುವವನಿಗೆ ಇದು ಕೊರತೆಯೆನಿಸಬಹುದು. ವಾದ್ಯವೃಂದದ ನಡುವೆ ಪ್ರತಿ ಮಾತ್ರೆಯನ್ನೂ ಬಿಡಿಯಾಗಿ ಕೇಳಿಸಬೇಕಾದ ವಾದಕನಿಗೆ ಇದೇ ಸಂಪತ್ತು. ಈ ವಾದ್ಯದ ಮೊದಲ ಆದರ್ಶ ಮಾಧುರ್ಯವಾಗಿರಲಿಲ್ಲ, ಸ್ಫುಟತೆಯಾಗಿತ್ತು.

3

ಸ್ಫುಟತೆಯ ಆದರ್ಶ ಮುದ್ರಿಕೆಯಲ್ಲಿ ಕಾಣಿಸಿಕೊಳ್ಳಲು ತಂತ್ರಜ್ಞಾನವೂ ಬದಲಾಗಬೇಕಾಯಿತು. 1925ರವರೆಗೆ ವಾದಕರು ಲೋಹದ ಕೊಳವೆಯ ಮುಂದೆ ಕುಳಿತು ನುಡಿಸುತ್ತಿದ್ದರು. ಆ ಪದ್ಧತಿಯಲ್ಲಿ ಬ್ಯಾಂಜೊ ಕೇಳಿಸುತ್ತಿತ್ತು, ಗಿಟಾರ್ ಮುಳುಗಿಹೋಗುತ್ತಿತ್ತು. ಆ ವರ್ಷ ಮೈಕ್ರೊಫೋನ್ ಮೂಲಕ ವಿದ್ಯುತ್ ಧ್ವನಿಮುದ್ರಣ ವಾಣಿಜ್ಯ ಬಳಕೆಗೆ ಬಂದ ಮೇಲೆ ಎಡ್ಡಿ ಲ್ಯಾಂಗ್‌ನ ಎಲ್-5 ಗಿಟಾರ್ ಕೇಳುಗರನ್ನು ತಲುಪಿತು. 1933ರಲ್ಲಿ ತನ್ನ ಮೂವತ್ತರ ಹರೆಯದಲ್ಲೇ ತೀರಿಕೊಂಡ ಲ್ಯಾಂಗ್, ಜಾಝ್ ಗಿಟಾರಿನ ಮೊದಲ ಪ್ರಮುಖ ಏಕವಾದಕರ ಸಾಲಿಗೆ ಸೇರಿದ್ದರಲ್ಲಿ ಅವನ ಪ್ರತಿಭೆಯಷ್ಟೇ ಮೈಕ್ರೊಫೋನಿನ ಪಾತ್ರವೂ ಇದೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಫ್ರೆಡ್ಡಿ ಗ್ರೀನ್. 1937ರಲ್ಲಿ ಕೌಂಟ್ ಬೇಸಿಯ ವೃಂದವನ್ನು ಸೇರಿದ ಈತ 1987ರಲ್ಲಿ ನಿಧನನಾಗುವವರೆಗೆ ಬಹುತೇಕ ನಿರಂತರವಾಗಿ ಅಲ್ಲಿಯೇ ನುಡಿಸಿದ. ಧ್ವನಿವರ್ಧಕವಿಲ್ಲದ ಆರ್ಚ್‌ಟಾಪ್, ಮೆಟ್ಟಿಲುಗಳಿಂದ ಬಹಳ ಎತ್ತರಕ್ಕೆ ಕಟ್ಟಿದ ತಂತಿಗಳು, ಪ್ರತಿ ಮಾತ್ರೆಗೊಂದು ಮೀಟು: ಅವನ ಕಲೆಯ ಸಾಮಗ್ರಿ ಇಷ್ಟೇ. ಮುದ್ರಿಕೆಗಳಲ್ಲಿ ಅವನ ಸ್ವರಗುಚ್ಛಗಳು ಡಬಲ್ ಬಾಸ್ ಮತ್ತು ತಾಳವಾದ್ಯಗಳೊಡನೆ ಎಷ್ಟು ಬೆರೆತಿವೆಯೆಂದರೆ, ಹಲವೆಡೆ ಅವುಗಳಲ್ಲಿನ ಒಂದೆರಡು ಸ್ವರಗಳನ್ನಷ್ಟೇ ಬೇರ್ಪಡಿಸಿ ಕೇಳಬಹುದು. ಆದರೂ ಆ ವೃಂದದ ನಡಿಗೆಗೆ ಗ್ರೀನ್ ಆಧಾರವಾಗಿದ್ದನೆಂಬುದನ್ನು ಸಂಗೀತಗಾರರು ಒಪ್ಪುತ್ತಾರೆ. ಮುದ್ರಿಕೆಯಲ್ಲಿ ಎದ್ದು ಕೇಳಿಸುವುದನ್ನೇ ಆದರ್ಶ ನಾದವೆಂದು ಬಗೆದರೆ, ಅರ್ಧ ಶತಮಾನದ ಈ ಸಾಧನೆ ವಿಮರ್ಶೆಯ ಕಣ್ಣಿಗೆ ಬೀಳುವುದೇ ಇಲ್ಲ. ಕೇಳಿಸದಿರುವುದು ಇಲ್ಲಿ ದೋಷವಲ್ಲ. ವೃಂದದೊಳಗೆ ಕರಗುವುದೇ ಅವನ ನಾದದ ಉದ್ದೇಶವಾಗಿತ್ತು.

ಗಿಬ್ಸನ್ ಸಂಸ್ಥೆ 1936ರಲ್ಲಿ ಹೊರತಂದ ‘ಇಎಸ್-150’ ಮಾದರಿಯೊಂದಿಗೆ ಎರಡನೆಯ ಘಟ್ಟ ಆರಂಭವಾಗುತ್ತದೆ. ತಂತಿಗಳ ಕೆಳಗೆ ಕಾಂತ ಮತ್ತು ತಾಮ್ರದ ಸುರುಳಿಯನ್ನಿಟ್ಟ ಪಿಕಪ್, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. 1939ರಲ್ಲಿ ಬೆನ್ನಿ ಗುಡ್‌ಮನ್‌ನ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಇದನ್ನು ಗಾಳಿವಾದ್ಯಗಳಿಗೆ ಸರಿಸಮನಾದ ದನಿಯಾಗಿಸಿದ. 1942ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ಅವನು ತೀರಿಕೊಂಡ. ಮೂರು ನಿಮಿಷಗಳ ಆಸುಪಾಸಿನ ತಟ್ಟೆಗಳಲ್ಲಿ ಅವನಿಗೆ ದೊರೆತ ಅವಕಾಶ ಕೆಲವೇ ಕ್ಷಣಗಳದು. 1941ರಲ್ಲಿ ನ್ಯೂಯಾರ್ಕಿನ ‘ಮಿಂಟನ್ಸ್ ಪ್ಲೇಹೌಸ್’ನಲ್ಲಿ ಜೆರ್ರಿ ನ್ಯೂಮನ್ ಎಂಬ ಉತ್ಸಾಹಿ ಮಾಡಿಕೊಂಡ ಮುದ್ರಣಗಳಿಂದಷ್ಟೇ ಅವನ ದೀರ್ಘ ಮನೋಧರ್ಮದ ಹರಹು ತಿಳಿಯುತ್ತದೆ. ನಾದದ ಶುದ್ಧಿಯಲ್ಲಿ ಅವು ಸ್ಟುಡಿಯೋ ಮುದ್ರಿಕೆಗಳಿಗೆ ಸಾಟಿಯಲ್ಲ. ಆದರೆ ಕಲಾವಿದನ ಅಳತೆ ತಿಳಿಯಲು ಅವೇ ಹೆಚ್ಚು ನೆರವಾಗುತ್ತವೆ. ಸುಂದರ ನಾದ ಮತ್ತು ಸತ್ಯವಾದ ಸಾಕ್ಷ್ಯ ಯಾವಾಗಲೂ ಒಂದೇ ಅಲ್ಲ.

4

ಪಿಕಪ್ಪಿನ ಆಗಮನದೊಂದಿಗೆ ವಾದ್ಯದೊಳಗೇ ಒಂದು ವಿರೋಧ ಹುಟ್ಟಿತು. ಮುಕ್ತವಾಗಿ ಕಂಪಿಸಲೆಂದು ಕೆತ್ತಿದ ಹಲಗೆಯನ್ನು ಕತ್ತರಿಸಿ ಪಿಕಪ್ ಕೂರಿಸಿದರೆ ಅದರ ತೂಕ ಹೆಚ್ಚಿ ಕಂಪನ ಕುಗ್ಗುತ್ತದೆ. ಹಲಗೆ ಚೆನ್ನಾಗಿ ಕಂಪಿಸಿದರೋ, ಧ್ವನಿವರ್ಧಕದ ಸದ್ದು ಪೆಟ್ಟಿಗೆಯೊಳಗೆ ಮರಳಿ ಹೊಕ್ಕು ಊಳಿಡತೊಡಗುತ್ತದೆ. 1949ರಲ್ಲಿ ಬಂದ ‘ಇಎಸ್-175’ ಈ ಇಕ್ಕಟ್ಟಿಗೆ ಒಂದು ಪರಿಹಾರವಾಗಿತ್ತು. ಅದರ ಮೇಲ್ಹಲಗೆ ಕೆತ್ತಿದ್ದಲ್ಲ. ತೆಳು ಪದರಗಳನ್ನು ಅಂಟಿಸಿ, ಒತ್ತಿ ಬಾಗಿಸಿದ್ದು. ಅಗ್ಗವಾದ, ಕಡಿಮೆ ಕಂಪಿಸುವ ಈ ಹಲಗೆಯ ವಾದ್ಯದಿಂದ ಹೊಮ್ಮಿದ ದಟ್ಟ, ಮಬ್ಬು ನಾದವೇ ಮುಂದಿನ ಎರಡು ತಲೆಮಾರುಗಳಿಗೆ ‘ಜಾಝ್ ಗಿಟಾರಿನ ನಾದ’ವೆನಿಸಿತು. ನ್ಯೂಯಾರ್ಕಿನ ಜಾನ್ ಡಿ’ಆಂಜೆಲಿಕೊ 1964ರಲ್ಲಿ ತೀರಿಕೊಳ್ಳುವವರೆಗೆ ಕೈಯಿಂದ ಕೆತ್ತಿದ ವಾದ್ಯಗಳನ್ನು ಸಂಗ್ರಾಹಕರು ಆದರ್ಶವೆಂದು ಪೂಜಿಸುವಾಗ, ಕೇಳುಗರ ಕಿವಿಯನ್ನು ತಿದ್ದಿದ್ದು ಬಹುಮಟ್ಟಿಗೆ ಕಾರ್ಖಾನೆಯ ಪದರದ ಹಲಗೆ ಎಂಬ ವಿಪರ್ಯಾಸವನ್ನು ಮರೆಯಲಾಗದು.

ಈ ಮಬ್ಬು ನಾದಕ್ಕೆ ಭೌತಿಕ ಕಾರಣಗಳಿವೆ. ಕತ್ತಿನ ಬದಿಯ ಪಿಕಪ್ ಕುದುರೆಯಿಂದ ತಂತಿಯ ಉದ್ದದ ಸುಮಾರು ಕಾಲು ಭಾಗ ದೂರದಲ್ಲಿರುತ್ತದೆ. ತೆರೆದ ತಂತಿಯ ನಾಲ್ಕನೆಯ ಉಪಸ್ವರ ಅಲ್ಲಿ ನಿಶ್ಚಲವಾಗಿರುವುದರಿಂದ ಅದು ಕ್ಷೀಣವಾಗಿ ಕೇಳಿಸುತ್ತದೆ. ಬೆರಳು ಮೆಟ್ಟಿಲುಗಳನ್ನು ಏರಿದಂತೆ ಈ ಪ್ರಮಾಣ ಬದಲಾಗುತ್ತದೆ. ಹಾಗಾಗಿ ಒಂದೇ ಸ್ವರ ಬೇರೆ ಬೇರೆ ತಂತಿಗಳಲ್ಲಿ ಬೇರೆ ಬಣ್ಣ ತಾಳುತ್ತದೆ. ಮೇಲ್ಮೈ ನುಣುಪಾದ, ಚಪ್ಪಟೆ ಸುತ್ತಿನ ದಪ್ಪ ತಂತಿಗಳು ಮತ್ತು ಧ್ವನಿವರ್ಧಕದ ಸ್ಪೀಕರ್ ಎರಡೂ ಮೇಲಿನ ಆವರ್ತನಗಳನ್ನು ಇನ್ನಷ್ಟು ತಗ್ಗಿಸುತ್ತವೆ. ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸಲ ಭಾಗದಿಂದ ಮೀಟುತ್ತಿದ್ದ ವೆಸ್ ಮಾಂಟ್‌ಗೊಮರಿಯಲ್ಲಿ ಈ ಗುಣ ಪರಾಕಾಷ್ಠೆಯನ್ನು ಮುಟ್ಟಿತು.

ಮಾಂಟ್‌ಗೊಮರಿಯ ‘ಸ್ಮೋಕಿನ್ ಅಟ್ ದ ಹಾಫ್ ನೋಟ್’ ಮುದ್ರಿಕೆ ಈ ಚರ್ಚೆಗೆ ಅಪರೂಪದ ಸಾಕ್ಷ್ಯ. 1965ರಲ್ಲಿ ಸಿದ್ಧವಾದ ಇದರ ಮೂಲ ಆವೃತ್ತಿಯಲ್ಲಿ ಎರಡು ಕೃತಿಗಳು ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿನಲ್ಲಿ ಶ್ರೋತೃಗಳ ಮುಂದೆ ಮುದ್ರಿತವಾದವು. ಉಳಿದ ಮೂರು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೋದಲ್ಲಿ. ಅದೇ ಹೆಬ್ಬೆರಳು, ವಿಂಟನ್ ಕೆಲ್ಲಿ, ಪಾಲ್ ಚೇಂಬರ್ಸ್, ಜಿಮ್ಮಿ ಕಾಬ್ ಎಂಬ ಅದೇ ಸಹವಾದಕರು. ಬದಲಾದದ್ದು ಮುಖ್ಯವಾಗಿ ಸ್ಥಳ ಮತ್ತು ಮುದ್ರಣ. ಮೊದಲಿನದರಲ್ಲಿ ಕೋಣೆ ಮತ್ತು ಜನರ ಸಾನ್ನಿಧ್ಯ ಗಿಟಾರಿನ ಸುತ್ತ ಕವಿದಿದೆ. ಎರಡನೆಯದರಲ್ಲಿ ಪ್ರತಿ ವಾದ್ಯಕ್ಕೂ ಅದರದೇ ಅಂಗಳವಿದೆ. ನಾದ ಕೈಯಲ್ಲೇ ಇದೆ ಎನ್ನುವವರಿಗೂ ಮರದಲ್ಲೇ ಇದೆ ಎನ್ನುವವರಿಗೂ ಈ ಒಂದೇ ತಟ್ಟೆ ಉತ್ತರ ಕೊಡುತ್ತದೆ.

1963ರ ಜನವರಿಯಲ್ಲಿ ಅದೇ ಸ್ಟುಡಿಯೋದಲ್ಲಿ ಮುದ್ರಿತವಾದ ಕೆನ್ನಿ ಬರೆಲ್‌ನ ‘ಮಿಡ್‌ನೈಟ್ ಬ್ಲೂ’ ಇನ್ನೊಂದು ಅಂಶವನ್ನು ಮುಂದಿಡುತ್ತದೆ. ಅದರ ನಾದವನ್ನು ಹೊಗಳುವವರು ವಾದ್ಯ, ಧ್ವನಿವರ್ಧಕಗಳ ಹೆಸರು ಹುಡುಕುತ್ತಾರೆ. ಆದರೆ ಆ ತಂಡದಲ್ಲಿ ಪಿಯಾನೊ ಇಲ್ಲವೆಂಬುದು ಅದಕ್ಕಿಂತ ಮುಖ್ಯ. ಪಿಯಾನೊ ತುಂಬಬಹುದಾಗಿದ್ದ ಮಧ್ಯಮ ಆವರ್ತನಗಳ ಜಾಗ ಗಿಟಾರಿಗೆ ತೆರವಾಗಿದೆ. ಪ್ರತಿ ಸ್ವರವೂ ಕೊನೆಯವರೆಗೆ ಉಸಿರಾಡುತ್ತದೆ. ಇಲ್ಲಿ ನಾದದ ಅರ್ಧ ಭಾಗ ಸಂಯೋಜನೆಯ ನಿರ್ಧಾರ. ವ್ಯಾನ್ ಗೆಲ್ಡರ್ ತನ್ನ ವಿಧಾನಗಳನ್ನು ಗುಟ್ಟಾಗಿಟ್ಟವನು. ಆ ಗುಟ್ಟು ಬಯಲಾದರೂ ತಂಡದಲ್ಲಿನ ಈ ತೆರವಿಲ್ಲದೆ ಅಂತಹ ನಾದ ಮರಳಿ ದೊರೆಯದು.

5

ವಿದ್ಯುತ್ತಿನ ನಾದ ಪ್ರಮಾಣವಾಗಿ ನೆಲೆಗೊಂಡ ಮೇಲೆ ಕೆಲವರು ಮರದ ಕಡೆಗೆ ಮತ್ತೆ ತಿರುಗಿದರು. 1962ರಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್‌ನೊಡನೆ ಜಿಮ್ ಹಾಲ್ ಮುದ್ರಿಸಿದ ‘ಅಂಡರ್‌ಕರೆಂಟ್’ನಲ್ಲಿ ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಮೊದಲ ಕೃತಿಯಲ್ಲಿ ಇವಾನ್ಸ್ ಮನೋಧರ್ಮ ನುಡಿಸುವಾಗ ಹಾಲ್‌ನ ಸ್ವರಗುಚ್ಛಗಳಲ್ಲಿ ತಂತಿಯ ಮೇಲೆ ಪಿಕ್ ಉಜ್ಜುವ ಸದ್ದು ಸ್ವರದಷ್ಟೇ ಮುಂದಿದ್ದು, ತಾಳವಾದ್ಯದ ಕೆಲಸ ಮಾಡುತ್ತದೆ. 1973ರಲ್ಲಿ ನಾರ್ಮನ್ ಗ್ರಾಂಜ್ ನಿರ್ಮಿಸಿದ ‘ವರ್ಚುಯೊಸೊ’ದಲ್ಲಿ ಜೋ ಪಾಸ್ ಒಬ್ಬನೇ. ಅಲ್ಲಿ ಮುಂದಿರುವುದು ಪಿಕಪ್ಪಿನ ದಟ್ಟ ದನಿಯಲ್ಲ, ತಂತಿಯ ಒಣ ಸದ್ದು. ಈ ನಾದವನ್ನು ತೆಳುವೆಂದು ದೂರುವವರಿದ್ದಾರೆ. ಆದರೆ ಏಕಕಾಲಕ್ಕೆ ರಾಗಮಾಲಿಕೆ, ಮಂದ್ರದ ನಡೆ ಮತ್ತು ಸ್ವರಗುಚ್ಛಗಳನ್ನು ಹೆಣೆಯುವ ವಾದನದಲ್ಲಿ ಎಳೆಗಳು ಬಿಡಿಬಿಡಿಯಾಗಿ ಕೇಳಿಸುವುದಕ್ಕೆ ಆ ಶುಷ್ಕತೆಯೂ ಕಾರಣ. ದಟ್ಟ ನಾದ ಅವುಗಳನ್ನು ಒಂದಾಗಿ ಮಸುಕುಗೊಳಿಸುತ್ತಿತ್ತು.

ಮರ ಮತ್ತು ವಿದ್ಯುತ್ತು ಎರಡನ್ನೂ ಒಟ್ಟಿಗೆ ಹಿಡಿಯಲು ಗಿಟಾರಿಗೊಂದು, ಧ್ವನಿವರ್ಧಕಕ್ಕೊಂದು ಮೈಕ್ರೊಫೋನ್ ಇಡುವ ಪದ್ಧತಿ ಇಂದು ಸಾಮಾನ್ಯ. ಎಫ್ ರಂಧ್ರದ ಎದುರಿಗಿಟ್ಟರೆ ಪೆಟ್ಟಿಗೆಯ ಗುಮ್ಮೆನ್ನುವ ಮಂದ್ರ ಮುಂದೆ ಬರುತ್ತದೆ. ಕತ್ತು ದೇಹವನ್ನು ಕೂಡುವೆಡೆಗೆ ತಿರುಗಿಸಿದರೆ ಸಮತೋಲ ದೊರೆಯುತ್ತದೆ. ಸ್ಪೀಕರಿನ ನಡುವಿಗೆ ಹಿಡಿದರೆ ಹೊಳಪು, ಅಂಚಿಗೆ ಹಿಡಿದರೆ ಮೃದುತ್ವ. ಆದರೆ ಎರಡು ದಾರಿಗಳ ನಡುವೆ 34 ಸೆಂಟಿಮೀಟರ್ ಅಂತರವಿದ್ದರೆ ಒಂದು ಸಂಕೇತ ಸುಮಾರು ಒಂದು ಮಿಲಿಸೆಕೆಂಡು ತಡವಾಗುತ್ತದೆ. ಆಗ 500 ಹರ್ಟ್ಜ್ ಆಸುಪಾಸಿನ ಅಲೆಗಳು ಪ್ರಾವಸ್ಥೆಯಲ್ಲಿ ಎದುರುಬದುರಾಗಿ ಒಂದನ್ನೊಂದು ಅಳಿಸತೊಡಗುತ್ತವೆ. ಮೊದಲ ತಂತಿಯ ಏಳನೆಯ ಮೆಟ್ಟಿಲಿನ ಸ್ವರ ಸುಮಾರು 494 ಹರ್ಟ್ಜ್. ರಾಗ ಹಾಡುವ ಎಡೆಯೇ ಅದು. ಉತ್ತಮವಾದ ಎರಡು ನಾದಗಳನ್ನು ಕೂಡಿಸಿದಾಗ ಟೊಳ್ಳಾದ ಮೂರನೆಯದು ಹುಟ್ಟುವುದು ಹೀಗೆ. ಆದರ್ಶವು ಗುಣಗಳ ಮೊತ್ತವಲ್ಲ, ಆಯ್ಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

6

ಮೇಲಿನ ನಿದರ್ಶನಗಳಿಂದ ಆರ್ಚ್‌ಟಾಪಿಗೆ ಒಂದೇ ಆದರ್ಶ ನಾದವಿಲ್ಲವೆಂಬ ನಿಲುವಿಗೆ ಬರಬಹುದು. ಆದರೆ ಎಲ್ಲ ನಾದಗಳೂ ಸಮವೆಂಬ ಸಡಿಲ ತೀರ್ಮಾನ ಇದರಿಂದ ಹೊರಡುವುದಿಲ್ಲ. ಗ್ರೀನ್‌ನ ನಾದ ವೃಂದಕ್ಕೆ, ಬರೆಲ್‌ನದು ತೆರವಿಗೆ, ಪಾಸ್‌ನದು ಏಕಾಂತಕ್ಕೆ ತಕ್ಕುದು. ಹೀಗೆ ತಾನು ವಹಿಸಿದ ಕೆಲಸಕ್ಕೆ ನಾದ ಎಷ್ಟು ಒದಗಿದೆ ಎಂಬುದೇ ಅದರ ಮೌಲ್ಯವನ್ನು ಅಳೆಯುವ ಮಾನದಂಡವಾಗಬೇಕು.

ಇದರಿಂದ ಸಂಶೋಧನೆಗೂ ಗ್ರಂಥಾಲಯಗಳಿಗೂ ಒಂದು ಹೊಣೆ ಒದಗುತ್ತದೆ. ವ್ಯಾನ್ ಗೆಲ್ಡರ್ ತನ್ನ ಹಳೆಯ ಮುದ್ರಣಗಳನ್ನು 1990ರ ದಶಕದ ಕೊನೆಯಿಂದ ತಾನೇ ಮರುಸಂಸ್ಕರಿಸಿದ. ಆ ಆವೃತ್ತಿಗಳ ನಾದ ಮೊದಲ ತಟ್ಟೆಗಳ ನಾದವೇ ಅಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸದೆ ಕಾವ್ಯದ ಬಗ್ಗೆ ತೀರ್ಪು ಕೊಡುವುದನ್ನು ಯಾವ ವಿದ್ವಾಂಸನೂ ಒಪ್ಪಲಾರ. ಯಾವ ಆವೃತ್ತಿ, ಯಾವ ಸ್ಥಳ, ಯಾವ ವರ್ಷದ ಸಂಸ್ಕರಣ ಎಂದು ಹೇಳದೆ ನಾದದ ಬಗ್ಗೆ ಕೊಡುವ ತೀರ್ಪಿನ ಸ್ಥಿತಿಯೂ ಅದೇ. 25ನೆಯ ವಯಸ್ಸಿಗೆ ಅಳಿದ ಕ್ರಿಶ್ಚಿಯನ್‌ನಂತಹ ಕಲಾವಿದನ ಇಡೀ ದನಿ ಉಳಿದಿರುವುದು ಕೆಲವು ತಟ್ಟೆಗಳ ಗೀರುಗಳಲ್ಲಿ. ಅವುಗಳನ್ನು ಓದುವ ಎಚ್ಚರವೇ ಅವನಿಗೆ ಸಲ್ಲಬೇಕಾದ ನ್ಯಾಯ.